ಗಿರಣಿ ಕೊಳ್ಳಲು ಹೊರಟ ಮಗಳಿಗೆ

ಪ್ರೀತಿಯ ಪುಟ್ಟಿ,

ನಿನ್ನೆ ನೀನು ಫೋನ್ ಪಟ್ ಅಂತ ಇಟ್ಟುಬಿಟ್ಟೆ. ನಾನೂ ದನಿ ಏರಿಸಿದ್ದೆ, ಬೇಜಾರು ಮಾಡಿಕೊಳ್ಳಬೇಡ. ಸೋಮವಾರ ಅಗ್ರಿಮೆಂಟಿಗೆ ಸಹಿ ಹಾಕುವ ಮೊದಲು ಇದನ್ನು ಓದು.

ಮುಚ್ಚಿದ ಅಕ್ಕಿ ಗಿರಣಿ ಕೊಂಡು ಎಣ್ಣೆ ಗಾಣ ಹಾಕುವ ನಿನ್ನ ಧೈರ್ಯ ನನಗೆ ಇಷ್ಟವೇ. ಬ್ಯಾಂಕಿನವರ ಮುಂದೆ ನೀನು ಲೆಕ್ಕ ಒಪ್ಪಿಸಿದ್ದು ಕೇಳಿ ಅಮ್ಮನಿಗಿಂತ ನಾನೇ ಜಾಸ್ತಿ ಬೀಗಿದೆ. ಆದರೆ ತಲೆಯಲ್ಲಿ ಸುತ್ತುತ್ತಿರುವುದು ನಿನ್ನ ದೊಡ್ಡಪ್ಪನ ಮಿಲ್ಲು. ಪೂರ್ತಿ ಕಥೆ ನಿನಗೆ ಗೊತ್ತಿದೆ, ಬೇಡ. ಬಾಗಿಲಿಗೆ ಅಂಟಿಸಿದ್ದ ಆ ಜಪ್ತಿ ನೋಟೀಸು ಮಾತ್ರ. ಮಾರಾಟ ತೆರಿಗೆ ಬಾಕಿ ಹಳೇ ಮಾಲೀಕನದ್ದು, ಬಾಗಿಲು ದೊಡ್ಡಪ್ಪನದ್ದು. ಊರವರು ನಿಂತು ಓದಿದರು. ಓದಲು ಬಾರದವರು ಓದಿಸಿಕೊಂಡರು. ದೊಡ್ಡಪ್ಪ ಅದನ್ನು ಕೀಳಲಿಲ್ಲ, ಹಿಂದಿನ ಬಾಗಿಲಿನಿಂದ ಓಡಾಡಿದರು. ಮಳೆಗೆ ಅಕ್ಷರ ಅಳಿಸಿದರೂ ಕಾಗದ ಹಾಗೇ ಇತ್ತು. ಇಸಿಯಲ್ಲಿ, ಅಂದರೆ ಆಸ್ತಿಯ ಋಣಭಾರ ಪತ್ರದಲ್ಲಿ, ಏನೂ ಇರಲಿಲ್ಲ ಅಂತ ಸಿಕ್ಕವರಿಗೆಲ್ಲ ಹೇಳುತ್ತಿದ್ದರು. ಇರುವುದಿಲ್ಲ ಪುಟ್ಟಿ! ಜಪ್ತಿ ಆದೇಶ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ದಾಖಲಾಗಿದ್ದರೆ ಮಾತ್ರ ಅಲ್ಲಿ ಕಾಣುತ್ತದೆ. ಪಹಣಿಯಲ್ಲಿ ಋಣ ಬರೆಯುವ 11ನೇ ಕಾಲಂ ಕೂಡ ಅಷ್ಟೇ, ಯಾರಾದರೂ ಬರೆಸಿದ್ದರೆ ಉಂಟು.

ನೀನು 2006ರ ಸುಪ್ರೀಂ ಕೋರ್ಟ್ ತೀರ್ಪಿನ ಮಾತು ಎತ್ತಿದೆ. ನಮ್ಮ ರಾಜ್ಯದ್ದೇ ಕೇಸು, ಶ್ರೇಯಸ್ ಪೇಪರ್ಸ್. ಕೆಎಸ್‌ಎಫ್‌ಸಿ ಅಂದರೆ ರಾಜ್ಯ ಹಣಕಾಸು ಸಂಸ್ಥೆ ಮಾರಿದ ಕಾಗದ ಕಾರ್ಖಾನೆ ಅದು. ಕೊಂಡವರು ತೆಗೆದುಕೊಂಡದ್ದು ಆಸ್ತಿಯನ್ನು, ವ್ಯಾಪಾರವನ್ನಲ್ಲ. ಬಾಕಿಯ ಸುದ್ದಿಯೂ ಅವರಿಗೆ ತಿಳಿದಿರಲಿಲ್ಲ. ಹಾಗಾಗಿ ಹಳೇ ಬಾಕಿ ಅವರ ತಲೆಗೆ ಬರಲಿಲ್ಲ. ಸರಿ. ಆದರೆ "ಹಾಗಿದ್ದರೆ ಕೇಳದೇ ಇರುವುದೇ ಒಳ್ಳೆಯದಲ್ವಾ" ಅಂದೆಯಲ್ಲ, ನನಗೆ ಸಿಟ್ಟು ಬಂದದ್ದು ಅಲ್ಲೇ. ವಿಚಾರಿಸಬೇಕಾದ್ದನ್ನು ಬೇಕಂತಲೇ ವಿಚಾರಿಸದೆ ಬಿಟ್ಟರೆ, ಕಾನೂನಿನ ಕಣ್ಣಿಗೆ ನಿನಗೆ ಅದು ಗೊತ್ತಿತ್ತು ಅಂತಲೇ.

ಆಮೇಲೆ ಆ ಬೋರ್ಡು. ಹಳೇ ಹೆಸರು ಚೆನ್ನಾಗಿದೆ, ಅದನ್ನೇ ಇಡುತ್ತೇನೆ ಅಂದೆ. ದಯವಿಟ್ಟು ಬೇಡ. ಹೆಸರು, ಗಿರಾಕಿ, ದಾಸ್ತಾನು ಅಂತ ವ್ಯಾಪಾರವನ್ನೇ ವಹಿಸಿಕೊಂಡಂತಾದರೆ, ಜಿಎಸ್‌ಟಿ ಕಾಯ್ದೆಯ ಸೆಕ್ಷನ್ 85ರ ಪ್ರಕಾರ ಹಿಂದಿನವರ ಬಾಕಿಗೆ ನೀನೂ ಹೊಣೆ. ಅವರ ನೋಂದಣಿ ರದ್ದಾಗಿದೆ ಅಂತ ಬ್ರೋಕರ್ ತೋರಿಸಿದನಂತೆ. ರದ್ದಾದರೆ ಬಾಕಿ ಹೋಗುತ್ತದೆಯೇ? 2017ರ ಹಿಂದಿನ ವ್ಯಾಟ್, 2005ರ ಹಿಂದಿನ ಮಾರಾಟ ತೆರಿಗೆ, ಎಲ್ಲವನ್ನೂ ವಾಣಿಜ್ಯ ತೆರಿಗೆ ಕಚೇರಿಗೆ ಬರೆದೇ ಕೇಳು. ಪೇಪರಿನಲ್ಲಿ ಪ್ರಕಟಣೆ ಕೊಡಿಸು. ಹಳೇ ಬಾಕಿ ಮಾರುವವರೇ ಕಟ್ಟಬೇಕು ಅಂತ ಅಗ್ರಿಮೆಂಟಿನಲ್ಲಿ ಬರೆಸು, ಒಂದಿಷ್ಟು ಹಣ ತಡೆದಿಟ್ಟುಕೋ.

ನೋಡು, ಮತ್ತೆ ಪಾಠ ಶುರುವಾಯಿತು. ಇಷ್ಟರಲ್ಲಿ ಅರ್ಧ ನಿನಗೆ ಗೊತ್ತೇ ಇರುತ್ತದೆ.

ಕರಡು ಪತ್ರ ವಾಟ್ಸಾಪಿನಲ್ಲಿ ಕಳಿಸು. ವಕೀಲರ ಫೀಸು ನಾನು ಕೊಡುತ್ತೇನೆ. ಅದಕ್ಕೆ ಇನ್ನೊಂದು ಜಗಳ ಬೇಡ.

ನಿನ್ನ ಅಪ್ಪ