ಹೋಟೆಲ್ ಹುಡುಗರ ಮಣಿಕಟ್ಟು: ಎರಡನೇ ಎಕ್ಸ್‌ರೇಗೆ ಒಂದು ಬೆಳಗಿನ ರಜೆ ಕೊಡಿ

ಮಾನ್ಯ ಸಂಪಾದಕರೇ,

ಮುಂಬಯಿಯಲ್ಲಿ ಮಳೆ ಹಿಡಿಯಿತೆಂದರೆ ನನ್ನ ಕ್ಲಿನಿಕ್‌ಗೆ ಕೈ ಹಿಡಿದುಕೊಂಡು ಬರುವ ಹೋಟೆಲ್ ಹುಡುಗರು ಜಾಸ್ತಿಯಾಗುತ್ತಾರೆ. ಅಡುಗೆಮನೆಯ ನೆಲದಲ್ಲಿ ನೀರು, ಎಣ್ಣೆ, ಚೆಲ್ಲಿದ ಸಾಂಬಾರು. ಕಾಲಲ್ಲಿ ಸವೆದ ರಬ್ಬರ್ ಚಪ್ಪಲಿ. ಜಾರಿದಾಗ ಯಾರಾದರೂ ಕೈಯೂರಿಯೇ ಊರುತ್ತಾರೆ, ಅಲ್ವಾ? ಮೈಭಾರವೆಲ್ಲ ಅಂಗೈಯ ಬುಡಕ್ಕೆ ಬೀಳುತ್ತದೆ.

ನಾನು ಚೆಂಬೂರಿನಲ್ಲಿ ಫಿಸಿಯೋಥೆರಪಿಸ್ಟ್. ನನ್ನ ಅಪ್ಪ ಮಾಟುಂಗದ ಹೋಟೆಲೊಂದರಲ್ಲಿ ಭಟ್ಟರಾಗಿದ್ದವರು. ಹಾಗಾಗಿ ಈ ಹುಡುಗರ ದಿನ ಎಷ್ಟು ಹೊತ್ತಿಗೆ ಶುರುವಾಗುತ್ತದೆ, ಎಷ್ಟು ಹೊತ್ತಿಗೆ ಮುಗಿಯುತ್ತದೆ ಅಂತ ಚಿಕ್ಕಂದಿನಿಂದ ನೋಡಿದ್ದೇನೆ. ಈ ಪತ್ರ ಅವರಿಗೂ ಹೌದು, ಅವರ ಧಣಿಗಳಿಗೂ ಹೌದು. ನಿಮ್ಮ ಪತ್ರಿಕೆ ಗಲ್ಲಾದ ಮೇಲೂ ಇರುತ್ತದೆ, ಮಧ್ಯಾಹ್ನದ ಬಿಡುವಿನಲ್ಲಿ ಒಳಗೆ ಅಡುಗೆಮನೆಗೂ ಹೋಗುತ್ತದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಸಾಮಾನ್ಯವಾಗಿ ನಡೆಯುವುದು ಹೀಗೆ. ಬಿದ್ದ ಸಂಜೆ ಹುಡುಗ ಹತ್ತಿರದ ಡಾಕ್ಟರಿಗೆ ತೋರಿಸುತ್ತಾನೆ. ಎಕ್ಸ್‌ರೇ ಆಗುತ್ತದೆ. ಮುರಿದದ್ದೇನೂ ಕಾಣುವುದಿಲ್ಲ. ‘ಉಳುಕು ಅಷ್ಟೇ’ ಅಂತ ಬ್ಯಾಂಡೇಜ್ ಸುತ್ತಿ, ನೋವಿನ ಮಾತ್ರೆ ಕೊಟ್ಟು ಕಳಿಸುತ್ತಾರೆ. ಎರಡು ದಿನ ಕಳೆದರೆ ಅವನು ಮತ್ತೆ ಮೋರಿಯಲ್ಲಿ ಪಾತ್ರೆ ತಿಕ್ಕುತ್ತಾ ನಿಂತಿರುತ್ತಾನೆ. ತಿಂಗಳುಗಳು ಹೋದ ಮೇಲೆ, ‘ಮೇಡಂ, ನೀರಿನ ಬಕೆಟ್ ಎತ್ತಕ್ಕಾಗಲ್ಲ’ ಅಂತ ನನ್ನ ಹತ್ತಿರ ಬರುತ್ತಾನೆ.

ಮಣಿಕಟ್ಟಿನಲ್ಲಿ 8 ಪುಟ್ಟ ಮೂಳೆಗಳಿವೆ. ಹೆಬ್ಬೆರಳಿನ ಬದಿಯಲ್ಲಿ, ಗೇರುಬೀಜದ ಹಾಗೆ ಬಾಗಿಕೊಂಡಿರುವ ಮೂಳೆಗೆ ಸ್ಕೇಫಾಯ್ಡ್ ಅನ್ನುತ್ತಾರೆ. ಈ ಎಂಟರಲ್ಲಿ ಜಾಸ್ತಿ ಮುರಿಯುವುದು ಅದೇ, ಅದರಲ್ಲೂ ಹರೆಯದ ಗಂಡಸರಲ್ಲಿ. ವಯಸ್ಸಾದ ಹೆಂಗಸರು ಹೀಗೇ ಬಿದ್ದರೆ ಹೆಚ್ಚಾಗಿ ಮುಂಗೈ ಮೂಳೆಯ ತುದಿ ಮುರಿದು, ಎಷ್ಟೋ ಸಲ ಕೈ ಸೊಟ್ಟಗೆ ಕಾಣುತ್ತದೆ. ಆಗ ಮನೆಯವರೇ ಗಾಬರಿಯಾಗಿ ಆಸ್ಪತ್ರೆಗೆ ಓಡುತ್ತಾರೆ. ಸ್ಕೇಫಾಯ್ಡ್ ಮುರಿದರೆ ಕೈ ಸೊಟ್ಟಗಾಗುವುದಿಲ್ಲ. ಬಾವೂ ಅಷ್ಟಾಗಿ ಇರದೇ ಹೋಗಬಹುದು. ಬಿರುಕು ತೀರಾ ಸಣ್ಣದಿದ್ದರೆ ಮೊದಲ ದಿನದ ಎಕ್ಸ್‌ರೇಯಲ್ಲಿ ಕಾಣಿಸದೇ ಇರಬಹುದು. ಮೊದಲ ದಿನ ನೋಡಿದ ಡಾಕ್ಟರರನ್ನು ನಾನು ದೂರುವುದಿಲ್ಲ. ಆ ಕೈಯನ್ನು ಎರಡನೇ ಸಲ ಯಾರೂ ನೋಡುವುದಿಲ್ಲ ಅನ್ನುವುದೇ ನನ್ನ ಸಂಕಟ.

ಈ ಮೂಳೆಗೆ ರಕ್ತ ಬಹುಪಾಲು ಬೆರಳುಗಳ ಕಡೆಯಿಂದ ಒಳಗೆ ಹೋಗಿ ಹಿಂದಕ್ಕೆ ಹರಿಯುತ್ತದೆ. ನಡುವೆ ಮುರಿದರೆ ಮುಂಗೈ ಕಡೆಯ ಚೂರಿಗೆ ರಕ್ತ ಸಾಲುವುದಿಲ್ಲ. ಕೂಡುವುದು ತಡವಾಗುತ್ತದೆ. ಕೆಲವರಲ್ಲಿ ಕೂಡುವುದೇ ಇಲ್ಲ, ಆ ಚೂರು ಸತ್ತುಹೋಗುವುದೂ ಉಂಟು. ಕೂಡದ ಮೂಳೆಯಲ್ಲೇ ವರ್ಷಗಟ್ಟಲೆ ಭಾರ ಎತ್ತಿದರೆ ಕೀಲು ಸವೆಯುತ್ತದೆ, ಹಿಡಿತ ಹೋಗುತ್ತದೆ. ಸಿಗರೇಟು, ಬೀಡಿ ಸೇದುವವರ ಮೂಳೆ ಕೂಡುವುದು ಇನ್ನೂ ನಿಧಾನ. ಇದನ್ನು ಹುಡುಗರಿಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ.

ಹೆಬ್ಬೆರಳನ್ನು ಮೇಲಕ್ಕೆ ಚಾಚಿ ನೋಡಿ. ಬುಡದಲ್ಲಿ, ಮಣಿಕಟ್ಟಿನ ಹತ್ತಿರ, ಒಂದು ಸಣ್ಣ ಕುಳಿ ಕಾಣುತ್ತದೆ. ನಶ್ಯ ಹಾಕುವವರು ಚಿಟಿಕೆ ಪುಡಿ ಇಟ್ಟುಕೊಳ್ಳುವ ಜಾಗ. ಬಿದ್ದ ಮೇಲೆ ಅಲ್ಲಿ ಒತ್ತಿದಾಗ ನೋವಿದ್ದರೆ ಡಾಕ್ಟರಿಗೆ ಅದನ್ನೇ ತೋರಿಸಿ. ‘ಸ್ಕೇಫಾಯ್ಡ್ ಇರಬಹುದಾ?’ ಅಂತ ಬಾಯಿಬಿಟ್ಟು ಕೇಳಿ. ಅದಕ್ಕೆಂದೇ ಬೇರೆ ಕೋನದಿಂದ ಎಕ್ಸ್‌ರೇ ತೆಗೆಯುತ್ತಾರೆ. ಅದರಲ್ಲೂ ಏನೂ ಕಾಣದಿದ್ದರೆ, ಮುರಿದಿದೆ ಅಂತಲೇ ಎಣಿಸಿ ಮಣಿಕಟ್ಟು ಅಲುಗದ ಹಾಗೆ ಪಟ್ಟಿ ಹಾಕಿಸಬೇಕು. 10ರಿಂದ 14 ದಿನ ಬಿಟ್ಟು ಮತ್ತೆ ಎಕ್ಸ್‌ರೇ. ಎಂ.ಆರ್.ಐ. ಮಾಡಿಸಿದರೆ ಬೇಗ ಗೊತ್ತಾಗುತ್ತದೆ, ಆದರೆ ಖರ್ಚು ಜಾಸ್ತಿ. ಎರಡನೇ ಎಕ್ಸ್‌ರೇಗೆ ಬೇಕಾದದ್ದು ಸ್ವಲ್ಪ ದುಡ್ಡು, ಒಂದು ಬೆಳಗಿನ ರಜೆ. ಧಣಿಗಳೇ, ಆ ಒಂದು ಬೆಳಗನ್ನು ಅವರಿಗೆ ಕೊಡಿ.

ಕುಂದಾಪುರ ಕಡೆಯ ಒಬ್ಬ ಹುಡುಗ ಘಾಟ್‌ಕೋಪರ್‌ನಲ್ಲಿ ದೋಸೆ ಕಾವಲಿ ಮುಂದೆ ನಿಲ್ಲುತ್ತಿದ್ದ. ಬಿದ್ದದ್ದು ಚೌತಿಗಿಂತ ಮೊದಲು. ನನ್ನ ಹತ್ತಿರ ಬಂದದ್ದು ದೀಪಾವಳಿ ಕಳೆದು. ಎಕ್ಸ್‌ರೇಯಲ್ಲಿ ಎರಡು ಚೂರೂ ಬೇರೆ ಬೇರೆಯಾಗಿಯೇ ನಿಂತಿದ್ದವು. ಕೊನೆಗೆ ಸೊಂಟದ ಮೂಳೆಯಿಂದ ತುಣುಕು ತೆಗೆದು ನಡುವೆ ಇಟ್ಟು, ಸ್ಕ್ರೂ ಹಾಕಬೇಕಾಯಿತು. 1984ರಲ್ಲಿ ಆಸ್ಟ್ರೇಲಿಯಾದ ಸರ್ಜನ್ ಟಿಮೊಥಿ ಹರ್ಬರ್ಟ್ ಲೋಕಕ್ಕೆ ತಿಳಿಸಿದ, ತಲೆಯಿಲ್ಲದ ಸ್ಕ್ರೂ ಅದು. ಪೂರ್ತಿ ಮೂಳೆಯೊಳಗೇ ಹೋಗಿ ಕೂರುತ್ತದೆ. ಕೈ ಉಳಿಯಿತು. ಆದರೆ ಚೌತಿ ಹೊತ್ತಿಗೇ ಗೊತ್ತಾಗಿದ್ದರೆ 8ರಿಂದ 12 ವಾರದ ಪ್ಲಾಸ್ಟರಿನಲ್ಲೇ ಮುಗಿಯಬಹುದಿತ್ತು. ತಂಗಿಯ ಮದುವೆಗೆಂದು ಕೂಡಿಟ್ಟ ದುಡ್ಡು ಆಸ್ಪತ್ರೆಗೆ ಹೋಯಿತು.

ಪ್ಲಾಸ್ಟರ್ ಹಾಕಿದ ಮೇಲೆ ಕೈಯನ್ನು ಎದೆಗಿಂತ ಮೇಲೆ ಇಟ್ಟುಕೊಳ್ಳಿ. ಬೆರಳು, ಮೊಣಕೈ, ಭುಜ ಆಡಿಸುತ್ತಲೇ ಇರಿ. ಸುಮ್ನೆ ಜೋಳಿಗೆಯಲ್ಲಿ ತೂಗುಹಾಕಿಕೊಂಡು ಕೂತರೆ ಭುಜವೂ ಹಿಡಿದುಕೊಳ್ಳುತ್ತದೆ. ನೋವು ಏರುತ್ತಲೇ ಹೋದರೆ, ಬೆರಳು ನೀಲಿಗಟ್ಟಿದರೆ, ಜೋಮು ಹಿಡಿದರೆ ಬೆಳಗಾಗಲಿ ಅಂತ ಕಾಯಬೇಡಿ. ಆ ರಾತ್ರಿಯೇ ಆಸ್ಪತ್ರೆಗೆ ಹೋಗಿ ಪ್ಲಾಸ್ಟರ್ ಬಿಡಿಸಿಕೊಳ್ಳಬೇಕು. ಊರಿಗೆ ಹೋಗಿ ಬಿದಿರಿನ ಪಟ್ಟಿ ಬಿಗಿಯಾಗಿ ಕಟ್ಟಿಸಿಕೊಂಡು ಬರುವವರಿಗೂ ಇದೇ ಮಾತು.

ಪ್ಲಾಸ್ಟರ್ ತೆಗೆದ ದಿನ ಹುಡುಗನೂ ವಾಸಿಯಾಯಿತು ಅಂದುಕೊಳ್ಳುತ್ತಾನೆ, ಮ್ಯಾನೇಜರೂ ಹಾಗೇ ಅಂದುಕೊಳ್ಳುತ್ತಾರೆ. ನನ್ನ ಕೆಲಸ ಶುರುವಾಗುವುದೇ ಆಗ. ಕೈ ಸಣಕಲಾಗಿರುತ್ತದೆ, ಮಣಿಕಟ್ಟು ಮರಗಟ್ಟಿರುತ್ತದೆ. ಬೆಚ್ಚನೆ ನೀರಿನಲ್ಲಿ ಕೈ ಇಟ್ಟು ಮೇಲೆ ಕೆಳಗೆ ನಿಧಾನ ಬಾಗಿಸುವುದು. ಮೊಣಕೈಯನ್ನು ಪಕ್ಕೆಗೆ ಒತ್ತಿಟ್ಟು ಅಂಗೈಯನ್ನು ಮೇಲಕ್ಕೆ, ಕೆಳಕ್ಕೆ ತಿರುಗಿಸುವುದು. ಹೀಗೆ ತಿರುಗದಿದ್ದರೆ ಗಲ್ಲಾದಲ್ಲಿ ಚಿಲ್ಲರೆ ಇಸಿದುಕೊಳ್ಳುವುದೂ ಕಷ್ಟ. ಕೀಲು ಸಡಿಲವಾದ ಮೇಲೆ ಸ್ಪಂಜು ಹಿಂಡುವುದು, ಆಮೇಲೆ ಚಪಾತಿ ಹಿಟ್ಟಿನ ಉಂಡೆ ಅದುಮುವುದು. ಬಕೆಟ್, ಗ್ರೈಂಡರಿನ ಕಲ್ಲು ಎತ್ತುವುದು ಎಲ್ಲಕ್ಕಿಂತ ಕೊನೆಗೆ, ಅದೂ ಮೂಳೆ ಕೂಡಿದೆ ಅಂತ ಡಾಕ್ಟರ್ ಹೇಳಿದ ಮೇಲೆ. ದಿನಕ್ಕೆ ನಾಲ್ಕೈದು ಸಲ, ಸ್ವಲ್ಪ ಸ್ವಲ್ಪ. ಎಣ್ಣೆ ಹಚ್ಚಿ ಬೇರೆಯವರಿಂದ ಜೋರಾಗಿ ಎಳೆಸುವುದು ಬೇಡವೇ ಬೇಡ. ಹಾಗೆ ಎಳೆಸಿಕೊಂಡು ಕೈ ಊದಿ, ಮುಟ್ಟಿದರೆ ಉರಿ ಅನ್ನುವವರು ನನ್ನ ಹತ್ತಿರ ಬಂದಿದ್ದಾರೆ.

ಬೀಳದೆಯೂ ಮಣಿಕಟ್ಟು ಕೆಡುತ್ತದೆ. ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜುಮ್ಮೆಂದು ಎಚ್ಚರವಾಗಿ ಕೈ ಕೊಡವುವ ಭಟ್ಟರು ಎಷ್ಟೋ ಜನ ಇದ್ದಾರೆ. ಹೆಚ್ಚಾಗಿ ಅದು ಮಣಿಕಟ್ಟಿನಲ್ಲಿ ನರ ಒತ್ತಿಹೋಗಿರುವುದರ ಗುರುತು. ಶುಗರ್, ಥೈರಾಯ್ಡ್ ಇದ್ದವರಲ್ಲಿ ಜಾಸ್ತಿ. ಶುರುವಿನಲ್ಲೇ ಬಂದರೆ ರಾತ್ರಿ ಮಣಿಕಟ್ಟನ್ನು ನೇರ ಹಿಡಿಯುವ ಪಟ್ಟಿ ಕಟ್ಟಿಕೊಂಡು ಮಲಗಿದರೇ ಹಲವರಿಗೆ ಕಡಿಮೆಯಾಗುತ್ತದೆ. ಹೆಬ್ಬೆರಳಿನ ಬುಡದ ಮಾಂಸ ಕರಗುವವರೆಗೆ ಕಾಯಬಾರದು.

1950ರಲ್ಲಿ ದೇಶದ ಮೊದಲ ಆಕ್ಯುಪೇಷನಲ್ ಥೆರಪಿ ಶಾಲೆಯನ್ನು ಕಮಲಾ ನಿಂಬ್ಕರ್ ಶುರು ಮಾಡಿದ್ದು ಇದೇ ಮುಂಬಯಿಯಲ್ಲಿ, ಪರೇಲ್‌ನ ಕೆ.ಇ.ಎಂ. ಆಸ್ಪತ್ರೆಯಲ್ಲಿ. ಕೆಟ್ಟ ಕೈಯನ್ನು ಮತ್ತೆ ಕೆಲಸಕ್ಕೆ ತರುವುದನ್ನೇ ಕಲಿತವರು ಅಲ್ಲಿದ್ದಾರೆ. ಸಯನ್, ನಾಯರ್ ಆಸ್ಪತ್ರೆಗಳಲ್ಲೂ ಇದ್ದಾರೆ. ಪಾಲಿಕೆಯ ಆಸ್ಪತ್ರೆಗಳಾದ್ದರಿಂದ ಖರ್ಚು ಕಡಿಮೆ. ಆದರೆ ಒಪಿಡಿ ಬೆಳಿಗ್ಗೆ. ಇಡ್ಲಿ, ವಡೆಯ ರಶ್ ಕೂಡ ಬೆಳಿಗ್ಗೆಯೇ. ಎಲ್ಲ ಕೆಡುವುದು ಇಲ್ಲೇ.

ದುಡ್ಡಿನ ದಾರಿಯೂ ಇದೆ. ಕೆಲಸಗಾರರ ಸರಕಾರಿ ವಿಮೆಯಾದ ಇ.ಎಸ್.ಐ.ಗೆ ಸೇರಿದ ಕೆಲಸಗಾರ ಕೆಲಸದ ವೇಳೆ ಬಿದ್ದು ಗಾಯವಾದರೆ, ಕೈ ಕೆಲಸಕ್ಕೆ ಬಾರದಷ್ಟು ದಿನ ಸಂಬಳದ 90 ಶೇಕಡಾ ಹಣ ಸಿಗುತ್ತದೆ. ಇಷ್ಟು ತಿಂಗಳು ವಂತಿಗೆ ಕಟ್ಟಿರಬೇಕು ಅನ್ನುವ ಷರತ್ತು ಇದಕ್ಕಿಲ್ಲ. ಸೇರಿದ ಮೊದಲ ದಿನವೇ ಬಿದ್ದರೂ ಸಿಗುತ್ತದೆ. ಆದರೆ ಹೋಟೆಲಿನವರು ಹುಡುಗನ ಹೆಸರು ಬರೆಸಿರಬೇಕು. ಬಿದ್ದದ್ದನ್ನು ಅಪಘಾತದ ಪುಸ್ತಕದಲ್ಲಿ ಬರೆದು ತಿಳಿಸಬೇಕು. ‘ಸಣ್ಣ ಉಳುಕು, ಬರೆಯೋದು ಯಾಕೆ’ ಅಂತ ಬಿಟ್ಟರೆ ಆಮೇಲೆ ಆ ಹುಡುಗ ಏನನ್ನು ತೋರಿಸಿ ಕೇಳಬೇಕು?

ನಮ್ಮ ಕನ್ನಡ, ತುಳು ಸಂಘಗಳಿಗೂ ಒಂದು ಮಾತು. ನೀವು ಪ್ರತಿವರ್ಷ ಆರೋಗ್ಯ ಶಿಬಿರ ಮಾಡುತ್ತೀರಿ. ಶುಗರ್, ಬಿಪಿ, ಕಣ್ಣು ನೋಡುತ್ತೀರಿ. ಕೈ ನೋಡಲು ಒಂದು ಮೇಜು ಸೇರಿಸಿ. ಹೋಟೆಲ್ ಹುಡುಗರಿಗೆ ಬಿಡುವಾಗುವುದು ಮಧ್ಯಾಹ್ನ ಊಟದ ರಶ್ ಮುಗಿದ ಮೇಲೆ, ಸಂಜೆಯ ಚಹಾಕ್ಕೆ ಮೊದಲು. ಶಿಬಿರವನ್ನು ಆ ಹೊತ್ತಿಗೇ ಇಡಿ. ಚೆಂಬೂರಿನಿಂದ ಡೊಂಬಿವಲಿವರೆಗೆ ಎಲ್ಲಿ ಕರೆದರೂ ಆ ಮೇಜಿಗೆ ನಾನು ಬಂದು ಕೂರುತ್ತೇನೆ. ಫೀಸು ಬೇಡ.

— ಒಬ್ಬ ಫಿಸಿಯೋಥೆರಪಿಸ್ಟ್, ಚೆಂಬೂರು, ಮುಂಬಯಿ