ಲೀಸ್‌ಗೆ ಮನೆ ಹಾಕ್ಕೊಳ್ಳೋ ಮುಂಚೆ ಪತ್ರ ನೋಡಿ, ರಿಜಿಸ್ಟರ್ ಮಾಡಿಸಿ

ಮಾನ್ಯ ಸಂಪಾದಕರೇ,

ತಿಂಗಳು ತಿಂಗಳು ಬಾಡಿಗೆ ಕಟ್ಟಿ ಸಾಕಾಗಿದೆ, ಒಂದೇ ಸಲ ದುಡ್ಡು ಕೊಟ್ಬಿಟ್ರೆ ಮೂರು ವರ್ಷ ನೆಮ್ಮದಿ, ಖಾಲಿ ಮಾಡುವಾಗ ಅಷ್ಟೂ ವಾಪಸ್ ಬರುತ್ತೆ ಅಂತ ಎಷ್ಟೋ ಜನ ಲೀಸ್‌ಗೆ ಮನೆ ಹಾಕ್ಕೋತಾರೆ. ಜಮೀನು ಮಾರಿದ ದುಡ್ಡು, ರಿಟೈರ್ ಆದಾಗ ಬಂದ ಪಿಎಫ್, ಒಡವೆ ಅಡ ಇಟ್ಟು ತಂದಿದ್ದು, ಎಲ್ಲಾ ಸೇರಿ ಒಬ್ಬ ಓನರ್ ಕೈಗೆ ಹೋಗುತ್ತೆ. ಇವರ ಕೈಗೆ ಬರೋದು ಮಾತ್ರ ಸ್ಟಾಂಪ್ ಪೇಪರ್ ಮೇಲೆ ಟೈಪ್ ಮಾಡಿಸಿದ ಅಗ್ರಿಮೆಂಟು, ಇಬ್ಬರು ಸಾಕ್ಷಿ ಸೈನು, ಒಂದು ನೋಟರಿ ಸೀಲು. ಕಾನೂನಲ್ಲಿ ಅದಕ್ಕೆ ಎಷ್ಟು ಬೆಲೆ ಇದೆ ಅಂತ ಯಾರೂ ಕೇಳಲ್ಲ, ಅದಕ್ಕೇ ಈ ಪತ್ರ ಬರೀತಿದ್ದೀನಿ.

1908ರ ನೋಂದಣಿ ಕಾಯ್ದೆ ಪ್ರಕಾರ ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಲೀಸ್ ಆದ್ರೆ ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ರಿಜಿಸ್ಟರ್ ಮಾಡಿಸಲೇಬೇಕು. ನೋಟರಿ ಮಾಡಿಸಿದ್ದು ರಿಜಿಸ್ಟರ್ ಆದ ಹಾಗಲ್ಲ, ಇದೊಂದು ಜನಕ್ಕೆ ಅರ್ಥ ಆದ್ರೆ ಸಾಕು ಅರ್ಧ ತೊಂದರೆ ತಪ್ಪುತ್ತೆ. ಮೂರು ವರ್ಷ ಅಂತ ಬರೆಸಿ ರಿಜಿಸ್ಟರ್ ಮಾಡಿಸದೇ ಬಿಟ್ರೆ ಕೋರ್ಟು ಅದನ್ನ ಮೂರು ವರ್ಷದ ಲೀಸ್ ಅಂತ ನೋಡೋದೇ ಇಲ್ಲ, ತಿಂಗಳಿಂದ ತಿಂಗಳಿಗೆ ನಡೆಯೋ ಬಾಡಿಗೆ ಅಂತ ನೋಡುತ್ತೆ, ಅದನ್ನ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಸೆಕ್ಷನ್ ಪ್ರಕಾರ 15 ದಿನದ ನೋಟಿಸಲ್ಲಿ ಮುಗಿಸಬಹುದು. ಕೊಟ್ಟ ದುಡ್ಡನ್ನ ಕೇಳೋ ಹಕ್ಕು ಹೋಗಲ್ಲ, ಅದಕ್ಕೆ ದಾವೆ ಹಾಕಬಹುದು, ಆದ್ರೆ ಬ್ಯಾಂಕ್ ಮೂಲಕ ಕೊಟ್ಟಿರಬೇಕು, ಕ್ಯಾಶ್ ಕೊಟ್ಟಿದ್ರೆ ಸಾಬೀತು ಮಾಡೋಕೆ ಒದ್ದಾಡಬೇಕು.

ನಮಗೆ ಪರಿಚಯದ ಒಂದು ಕುಟುಂಬಕ್ಕೆ ಆಗಿದ್ದು ಹೇಳ್ತೀನಿ. ಕೆಲಸದಿಂದ ಮನೆಗೆ ಬಂದು ನೋಡಿದ್ರೆ ಬಾಗಿಲ ಪಕ್ಕದ ಗೋಡೆಗೆ ಬ್ಯಾಂಕಿನವರು ನೋಟಿಸ್ ಅಂಟಿಸಿ ಹೋಗಿದ್ರು, ಓನರ್ ಹೆಸರು, ಬಾಕಿ ಮೊತ್ತ, ಕೆಳಗೆ ಈ ಮನೆಯ ನಾಲ್ಕೂ ದಿಕ್ಕಿನ ಚೆಕ್ಕುಬಂದಿ. ಓನರ್ ಈ ಮನೆ ಮೇಲೆ ಮೊದಲೇ ಲೋನ್ ತಗೊಂಡು ಕಂತು ಕಟ್ಟೋದು ನಿಲ್ಲಿಸಿದ್ರು, 2002ರ ಸರ್ಫೇಸಿ ಕಾಯ್ದೆ ಕೆಳಗೆ ಬ್ಯಾಂಕಿಗೆ ಕೋರ್ಟಿಗೆ ಹೋಗದೇನೇ ಅಡಮಾನದ ಆಸ್ತಿ ಸ್ವಾಧೀನಕ್ಕೆ ತಗೊಳ್ಳೋ ಅಧಿಕಾರ ಇದೆ. ಮನೇಲಿ ವಾಸ ಇರೋರಿಗೂ ದಾರಿ ಇಲ್ಲ ಅಂತಲ್ಲ, 2016ರ ತಿದ್ದುಪಡಿ ಆದ್ಮೇಲೆ ಬಾಡಿಗೆದಾರರು ಸಾಲ ವಸೂಲಾತಿ ನ್ಯಾಯಮಂಡಳಿ ಮುಂದೆ 45 ದಿನದೊಳಗೆ ಅರ್ಜಿ ಹಾಕಬಹುದು. ಅಲ್ಲಿ ಮೊದಲು ಕೇಳೋದೇ ನಿಮ್ಮ ಲೀಸ್ ಯಾವಾಗ ಆಯ್ತು, ಅಡಮಾನಕ್ಕಿಂತ ಮುಂಚೆನಾ ಆಮೇಲಾ, ರಿಜಿಸ್ಟರ್ ಆಗಿದೆಯಾ ಅಂತ. ಇವರ ಹತ್ರ ಇದ್ದಿದ್ದು ಅದೇ ನೋಟರಿ ಹಾಳೆ. ಅಡ ಇಟ್ಟ ಮೇಲೆ ಓನರ್ ಕೊಡೋ ಲೀಸ್‌ಗೂ ಮಿತಿ ಇದೆ, ಆಸ್ತಿ ವರ್ಗಾವಣೆ ಕಾಯ್ದೆಯ 65ಎ ಸೆಕ್ಷನ್ ಪ್ರಕಾರ ಕಟ್ಟಡವನ್ನ ಮೂರು ವರ್ಷಕ್ಕಿಂತ ಹೆಚ್ಚು ಕೊಡೋ ಹಾಗಿಲ್ಲ, ಬಾಡಿಗೆ ಮುಂಗಡವಾಗಿ ತಗೊಳ್ಳೋ ಹಾಗೂ ಇಲ್ಲ.

ಹಾಗಾಗಿ ಅಡ್ವಾನ್ಸ್ ಕೊಡೋ ಮುಂಚೆ ಇಸಿ, ಅಂದ್ರೆ ಮನೆ ಮೇಲೆ ರಿಜಿಸ್ಟರ್ ಆದ ಸಾಲ, ಮಾರಾಟ ತೋರಿಸೋ ಋಣಭಾರ ಪತ್ರ ತೆಗೆಸಿ, ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನಲ್ಲೇ ಸಿಗುತ್ತೆ. ಆದ್ರೆ ಇಸಿ ಕ್ಲೀನ್ ಇದೆ ಅಂತ ಅಷ್ಟಕ್ಕೇ ನಿಲ್ಲಿಸಬೇಡಿ, ಕ್ರಯಪತ್ರ ಬ್ಯಾಂಕಲ್ಲಿಟ್ಟು ತಗೊಂಡ ಸಾಲ ರಿಜಿಸ್ಟರ್ ಆಗದೇ ಇದ್ರೆ ಇಸಿಯಲ್ಲಿ ಕಾಣಲ್ಲ. ಅದಕ್ಕೆ ಬ್ಯಾಂಕುಗಳ ಅಡಮಾನ ದಾಖಲಾಗೋ ಸೆರ್ಸೈ ಅಂತ ಕೇಂದ್ರದ ರಿಜಿಸ್ಟ್ರಿ ಇದೆ, ಸಣ್ಣ ಫೀಸು ಕಟ್ಟಿ ಯಾರು ಬೇಕಾದ್ರೂ ಹುಡುಕಬಹುದು. ಒರಿಜಿನಲ್ ಕ್ರಯಪತ್ರ ಕಣ್ಣಾರೆ ತೋರಿಸಿ ಅಂತ ಓನರ್‌ನ ಕೇಳೋಕೂ ಸಂಕೋಚ ಬೇಡ. ಮಧ್ಯದ ಕಂಪನಿಯವರು ಓನರ್‌ಗೆ ತಿಂಗಳ ಬಾಡಿಗೆ ಕೊಡ್ತೀವಿ ಅಂತ ಮನೆ ತಗೊಂಡು ನಿಮಗೆ ಲೀಸ್‌ಗೆ ಕೊಡ್ತಿದ್ರೆ ಇನ್ನೂ ಹುಷಾರಾಗಿರಿ, ಅವರು ಬಾಡಿಗೆ ನಿಲ್ಲಿಸಿದ ದಿನ ಓನರ್ ನಿಮ್ಮ ಬಾಗಿಲಿಗೆ ಬರ್ತಾರೆ, ನಿಮ್ಮ ದುಡ್ಡು ಓನರ್ ಹತ್ರ ಇರೋದೇ ಇಲ್ಲ. ಸೈನ್ ಓನರ್‌ದೇ ಇರಬೇಕು, ದುಡ್ಡೂ ಓನರ್ ಅಕೌಂಟಿಗೇ ಹೋಗಬೇಕು.

ಓನರ್‌ಗಳ ಕಷ್ಟಾನೂ ಸುಳ್ಳಲ್ಲ. ಅವಧಿ ಮುಗಿದ್ರೂ ಜಾಗ ಬಿಡದೇ ಸತಾಯಿಸೋರು ಇದ್ದಾರೆ, ಕೇಸು ವರ್ಷಗಟ್ಟಲೆ ಎಳೆಯುತ್ತೆ. ಹಾಗಂತ ಬೀಗ ಹಾಕೋದು, ಸಾಮಾನು ಹೊರಗೆಸೆಯೋದು ಮಾಡಿದ್ರೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆ 6ನೇ ಸೆಕ್ಷನ್ ಕೆಳಗೆ ಆರು ತಿಂಗಳೊಳಗೆ ದಾವೆ ಹಾಕಿ ಬಾಡಿಗೆದಾರ ಮತ್ತೆ ಒಳಗೆ ಬರಬಹುದು. ರಿಜಿಸ್ಟರ್ ಆದ ಪತ್ರದಲ್ಲಿ ಬಿಡೋ ದಿನಾಂಕ, ದುಡ್ಡು ಕೊಡೋ ದಿನಾಂಕ ಸ್ಪಷ್ಟ ಇದ್ರೆ ಅವರಿಗೂ ಅದೇ ಆಸರೆ.

ರಿಪೇರಿ ವಿಷಯನೂ ಬರೆಸಿಕೊಳ್ಳಿ. ಓನರ್ ಮಾಡಿಸಬೇಕಾದ ರಿಪೇರಿ ನೋಟಿಸ್ ಕೊಟ್ರೂ ಮಾಡಿಸದಿದ್ರೆ ನಾವೇ ಮಾಡಿಸಿ ಬಾಡಿಗೇಲಿ ಮುರ್ಕೋಬಹುದು ಅಂತ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ ಹೇಳುತ್ತೆ, ಆದ್ರೆ ಲೀಸಲ್ಲಿ ಮುರ್ಕೊಳ್ಳೋಕೆ ಬಾಡಿಗೇನೇ ಇರಲ್ಲವಲ್ಲ. ಖಾಲಿ ಮಾಡುವಾಗ ಪೇಂಟಿಂಗ್ ಅಂತ ಹಿಡ್ಕೊಳ್ಳೋ ದುಡ್ಡಿನ ಬಗ್ಗೆನೂ ಅಷ್ಟೇ, ವಾಸ ಮಾಡಿದ ಮೇಲೆ ಸಹಜವಾಗಿ ಆಗೋ ಸವೆತಕ್ಕೆ ಬಾಡಿಗೆದಾರ ಹೊಣೆ ಅಲ್ಲ ಅಂತ ಅದೇ ಸೆಕ್ಷನಲ್ಲಿದೆ, ಅಗ್ರಿಮೆಂಟಲ್ಲಿ ಒಪ್ಪಿ ಸೈನ್ ಹಾಕಿರಬಾರದು ಅಷ್ಟೇ. ಮಧ್ಯದಲ್ಲಿ ಮನೆ ಮಾರಿದ್ರೂ ಲೀಸ್ ಮುರಿದು ಬೀಳಲ್ಲ, ಆದ್ರೆ ದುಡ್ಡು ಯಾರು ವಾಪಸ್ ಕೊಡ್ತಾರೆ ಅಂತ ಹಳಬರು ಹೊಸಬರು ಇಬ್ಬರ ಹತ್ರನೂ ಬರೆಸಿಕೊಳ್ಳಬೇಕು.

ಜನ ರಿಜಿಸ್ಟರ್ ಮಾಡಿಸದೇ ಇರೋಕೆ ದೊಡ್ಡ ಕಾರಣ ಸ್ಟಾಂಪ್ ಡ್ಯೂಟಿ ಮತ್ತೆ ಆಫೀಸಿಗೆ ಅಲೆಯೋ ಭಯ. ವಾಸದ ಮನೆ ಲೀಸ್‌ಗೆ ಸರ್ಕಾರ ಡ್ಯೂಟಿ ಇಳಿಸಲಿ, ಇಸಿ ಕೊಡೋ ಜಾಗದಲ್ಲೇ ಸೆರ್ಸೈ ಮಾಹಿತಿನೂ ಒಟ್ಟಿಗೆ ಸಿಗೋ ಹಾಗೆ ಮಾಡಲಿ, ಬ್ಯಾಂಕಿನವರು ಲೋನ್ ಕೊಟ್ಟ ದಿನಾನೇ ಆ ಮನೇಲಿ ಯಾರು ವಾಸ ಇದ್ದಾರೆ ಅಂತ ವಿಚಾರಿಸಿ ಅವರಿಗೂ ತಿಳಿಸಲಿ. ಈ ವಿಷಯದಲ್ಲಿ ವಕೀಲರಿಂದ ಒಂದು ಲೇಖನ ಬರೆಸಿ ನಿಮ್ಮ ಪತ್ರಿಕೇಲಿ ಹಾಕಿದ್ರೆ ತುಂಬಾ ಉಪಕಾರ ಆಗುತ್ತೆ.

ಇಂತಿ,
ಒಬ್ಬ ಓದುಗ