ಬಂದೂಕಿಗೆ ಕೈ ಹಾಕಬೇಡ ಮಾರಾಯ

ಪ್ರಿಯ ಗೆಳೆಯಾ,

ಅಪಾಯದ ಜಾಗಕ್ಕೆ ಹೊರಟಿರುವ ನೀನು, ಅಲ್ಲಿ ಅಪಹರಣಕ್ಕೆ ಸಿಕ್ಕಿಕೊಂಡರೆ ಏನು ಮಾಡಬೇಕೆಂದು ಕೇಳಿದ್ದೀಯ. ಅದರ ಬೆನ್ನಿಗೇ 'ಅಪಹರಣಕಾರ ಒಬ್ಬನೇ ಇದ್ದರೆ ಬಂದೂಕು ಕಿತ್ತುಕೊಳ್ಳುತ್ತೇನೆ' ಎಂದೂ ಬರೆದಿದ್ದೀಯ. ಆ ಎರಡನೆಯ ಮಾತು ಓದಿ ಹೆದರಿಕೆಯಾಗಿ ಕೂಡಲೇ ಬರೆಯುತ್ತಿದ್ದೇನೆ.

ಹಿಡಿಯುವಾಗಿನ ಮೊದಲ ಕೆಲವು ನಿಮಿಷಗಳಷ್ಟು ಅಪಾಯದ ಹೊತ್ತು ಇನ್ನೊಂದಿಲ್ಲ. ಆಗ ಅಪಹರಣಕಾರನ ಎದೆಯೂ ಡವಗುಟ್ಟುತ್ತಿರುತ್ತದೆ. ಮೊಬೈಲ್ ಕೊಡಲೆಂದೇ ನೀನು ಥಟ್ಟನೆ ಜೇಬಿಗೆ ಕೈ ಹಾಕಿದರೂ ಅವನು ಪಿಸ್ತೂಲೆಂದು ತಿಳಿದುಕೊಂಡಾನು. 'ಬಲಗಡೆ ಜೇಬಿನಲ್ಲಿದೆ, ತೆಗೆಯಲೇ?' ಎಂದು ಕೇಳು. ಅವನು ಹೂಂ ಎಂದ ಮೇಲೆ ನಿಧಾನವಾಗಿ ತೆಗೆ. ಕಣ್ಣಿಗೆ ಬಟ್ಟೆ ಕಟ್ಟಿದರೆ ಸಂದಿಯಲ್ಲಿ ಇಣುಕಬೇಡ. ಮುಖ ಮರೆಸಿಕೊಳ್ಳುವವನಿಗೆ ನಿನ್ನನ್ನು ಬಿಡುವ ಯೋಚನೆಯೂ ಇದ್ದೀತು. ಅದನ್ನು ನೀನಾಗಿ ಕೆಡಿಸಬೇಡ. 'ನಿನ್ನ ಗುರುತು ಸಿಕ್ಕಿತು' ಎಂಬ ಮಾತಂತೂ ಬಾಯಿಗೆ ಬರಲೇಬಾರದು.

ಓಡಿಹೋಗಲೇಬೇಡ ಎನ್ನುತ್ತಿಲ್ಲ. ಆದರೆ ಹೊರಗೆ ಯಾವ ದಾರಿ ಎತ್ತ ಹೋಗುತ್ತದೆಂದು ತಿಳಿಯದೆ ಓಡುವುದು ಧೈರ್ಯವಲ್ಲ. ಕೊಲಂಬಿಯಾದ ರಾಜಕಾರಣಿ ಇಂಗ್ರಿಡ್ ಬೆಟಾಂಕೂರ್ 2002ರಿಂದ 2008ರವರೆಗೆ ಅಲ್ಲಿನ ಕಾಡಿನಲ್ಲಿ ಬಂಡುಕೋರರ ಸೆರೆಯಲ್ಲಿದ್ದರು. ಹಲವು ಸಲ ತಪ್ಪಿಸಿಕೊಂಡರೂ ಮತ್ತೆ ಸಿಕ್ಕಿಬಿದ್ದರು, ಕೊರಳಿಗೆ ಸರಪಳಿ ಬಿತ್ತು. ಕೊನೆಗೆ ಅವರನ್ನು ಬಿಡಿಸಿದ್ದು ಸೇನೆಯ ಒಂದು ನಾಟಕ. ನೆರವು ಸಂಸ್ಥೆಯವರ ವೇಷದಲ್ಲಿ ಹೆಲಿಕಾಪ್ಟರ್ ತಂದು, ಒಂದು ಗುಂಡೂ ಹಾರಿಸದೆ 15 ಮಂದಿ ಒತ್ತೆಯಾಳುಗಳನ್ನು ಹತ್ತಿಸಿಕೊಂಡು ಹೋದರು!

ದಿನಗಳು ಉರುಳತೊಡಗಿದರೆ ಕೊಟ್ಟದ್ದನ್ನು ತಿನ್ನು, ರುಚಿ ನೋಡಬೇಡ. ಇದ್ದಲ್ಲೇ ಕೈಕಾಲು ಆಡಿಸು. ಔಷಧಿ ಬೇಕಿದ್ದರೆ ಮೊದಲ ದಿನವೇ ಹೇಳು. ಮನೆ ಮಕ್ಕಳ ಸುದ್ದಿ ಮಾತನಾಡು, ರಾಜಕೀಯ, ಧರ್ಮದ ತಂಟೆಗೆ ಹೋಗಬೇಡ. ನಿನ್ನನ್ನು ಹೆಸರು ಹಿಡಿದು ಕರೆಯುವ ಕಾವಲುಗಾರನಿಗೆ ನಿನ್ನ ಮೇಲೆ ಕೈ ಮಾಡುವುದು ಸ್ವಲ್ಪವಾದರೂ ಕಷ್ಟವಾಗುತ್ತದೆ.

ಮನಸ್ಸನ್ನು ಉಳಿಸಿಕೊಳ್ಳುವ ಬಗೆಯನ್ನು ಇಂಗ್ಲೆಂಡಿನ ಚರ್ಚಿನ ಪ್ರತಿನಿಧಿಯಾಗಿದ್ದ ಟೆರಿ ವೇಟ್ ಅವರಿಂದ ಕಲಿಯಬೇಕು. ಒತ್ತೆಯಾಳುಗಳ ಬಿಡುಗಡೆಗೆ ಮಾತುಕತೆ ನಡೆಸಲು ಲೆಬನಾನಿನ ಬೈರೂತಿಗೆ ಹೋದ ಅವರು 1987ರ ಜನವರಿಯಲ್ಲಿ ತಾವೇ ಒತ್ತೆಯಾಳಾದರು. ಹೊರಬಂದದ್ದು 1991ರ ನವೆಂಬರಿನಲ್ಲಿ. ಅದರಲ್ಲಿ ಹೆಚ್ಚಿನ ಕಾಲ ಏಕಾಂತ ಸೆರೆ. ಮಾಡಿದ್ದಕ್ಕೆ ಪಶ್ಚಾತ್ತಾಪ ಪಡುವುದಿಲ್ಲ, ತನ್ನ ಬಗ್ಗೆ ತಾನೇ ಮರುಗುವುದಿಲ್ಲ, ಕಳೆದುಹೋದ ಬದುಕನ್ನು ನೆನೆದು ಕರಗುವುದಿಲ್ಲ ಎಂದು ಆರಂಭದಲ್ಲೇ ನಿಶ್ಚಯಿಸಿಕೊಂಡರಂತೆ. ಕಾಗದ, ಪೆನ್ನು ಇಲ್ಲದೆ ತಲೆಯೊಳಗೇ ಪುಸ್ತಕ ಬರೆಯುತ್ತಾ ಹೋದರು. ನಿನಗೆ ಅದು ಆಗದಿದ್ದರೆ ಮಗ್ಗಿಯನ್ನಾದರೂ ಹಿಂದುಮುಂದಾಗಿ ಹೇಳಿಕೋ.

ಬಿಡಿಸಲು ಬರುವವರಿಂದಲೂ ಅಪಾಯವಿದೆ. ಇದು ಬಹಳ ಜನರಿಗೆ ಹೊಳೆಯುವುದಿಲ್ಲ. ಬಾಗಿಲು ಒಡೆಯುವ ಸದ್ದಾದರೆ ತಕ್ಷಣ ನೆಲಕ್ಕೆ ಬೋರಲು ಬೀಳು, ಕೈ ಚಾಚು, ಬೆರಳು ಬಿಡಿಸು. ಹೊಗೆಯಲ್ಲಿ ನುಗ್ಗಿದ ಸೈನಿಕನಿಗೆ ನೀನು ಯಾರೋ, ಅಪಹರಣಕಾರ ಯಾರೋ! ಅವನ ಕಣ್ಣು ಹೋಗುವುದು ಕೈಗಳ ಮೇಲೆ. ನೆರವಾಗಲೆಂದು ಬಿದ್ದ ಬಂದೂಕನ್ನು ಎತ್ತಿಕೊಂಡೆಯೋ, ಮುಗಿಯಿತು. ನಿನ್ನ ಕೈಗೂ ಕೋಳ ಹಾಕಿ ಎಳೆದೊಯ್ದರೆ ರೇಗಬೇಡ, ಗುರುತು ಖಚಿತವಾಗುವವರೆಗೆ ಹಾಗೆಯೇ.

ಹೊರಡುವ ಮೊದಲು ಒಂದು ಕೆಲಸ ಬಾಕಿ ಇದೆ. ನೀನು ಬದುಕಿದ್ದೀಯ ಎಂದು ತಿಳಿಯಲು ಬಿಡುಗಡೆಗೆ ಮಾತುಕತೆ ನಡೆಸುವವರು ನಿನಗೂ ನಿನ್ನ ಮನೆಯವರಿಗೂ ಮಾತ್ರ ಉತ್ತರ ಗೊತ್ತಿರುವ ಪ್ರಶ್ನೆ ಕೇಳಿಸುತ್ತಾರೆ. ಅಂಥದ್ದೊಂದನ್ನು ಆರಿಸಿ ನಿನ್ನ ಹೆಂಡತಿಗೆ ಹೇಳಿಡು. ಮದುವೆಯ ತಾರೀಕು, ಮಗಳ ಹೆಸರು ಬೇಡ, ಅವೆಲ್ಲವನ್ನೂ ನೀನೇ ಫೇಸ್‌ಬುಕ್ಕಿನಲ್ಲಿ ಹರಡಿಟ್ಟಿದ್ದೀಯ.

ನಿನ್ನ ಗೆಳೆಯ